ಕನ್ನಡಕಕ್ಕೆ ಸಂಬಂಧ ನೋಡಿದ್ದು

ನನ್ನ ಮೂಗಿನ ಮೇಲೆ ಈಗ ಕೂತಿರುವ ಕನ್ನಡಕ ಇದೆಯಲ್ಲ, ಅದರ ಹುಟ್ಟು, ಮನೆತನ, ನಡತೆ, ನೆರೆಕರೆಯವರ ಅಭಿಪ್ರಾಯ ಎಲ್ಲವೂ ನಮ್ಮ ಮಾವನಿಗೆ ಬಾಯಿಪಾಠ. ತಮಾಷೆಯಲ್ಲ! ಲೋಕದ ಜನ ಫೋನಿನ ಮೇಲೆ ನಾಲ್ಕು ಸಲ ಬೆರಳಾಡಿಸಿ ಕನ್ನಡಕ ತರಿಸಿಕೊಳ್ಳುತ್ತಾರೆ. ನಮ್ಮ ಮಾವ ಅದೇ ಕೆಲಸಕ್ಕೆ ಇಡೀ ಒಂದು ಮಳೆಗಾಲ ತೆಗೆದುಕೊಂಡರು. ಅಷ್ಟು ದಿನವೂ ನಾನು ಮುರಿದ ಕನ್ನಡಕಕ್ಕೆ ಟೇಪು ಸುತ್ತಿಕೊಂಡು ಓಡಾಡಿದೆ. ಆಫೀಸಿನಲ್ಲಿ ಬೆಳಿಗ್ಗೆ ಎದುರಾದವರೆಲ್ಲ "ಹೇಗಿದೆ ಈಗ?" ಎಂದು ಕೇಳುತ್ತಿದ್ದುದು ನನ್ನನ್ನಲ್ಲ, ಕನ್ನಡಕವನ್ನು!

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮನೆ ಕಾಪುವಿನಲ್ಲಿ, ಪಕ್ಕದ ಮನೆಯೇ ನಮ್ಮದು. ಉಡುಪಿಯ ಒಂದು ಜವಳಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅದು ಹೊಟ್ಟೆಪಾಡಿನ ಮಾತಾಯಿತು. ಅವರ ನಿಜವಾದ ಉದ್ಯೋಗ ಬೇರೆಯೇ ಇತ್ತು. ಅವರು ಇಡೀ ಕುಟುಂಬದ ಪರವಾಗಿ ಗಂಡು ವಿಚಾರಿಸುವವರು.

ನಮ್ಮ ಕಡೆ ಹೆಣ್ಣಿಗೊಂದು ಸಂಬಂಧ ಬಂತೆಂದರೆ, ಮಾತುಕತೆಗೆ ಕೂರುವ ಮೊದಲು ಹುಡುಗನ ಊರಿಗೆ ಗುಟ್ಟಾಗಿ ಒಬ್ಬರನ್ನು ಕಳಿಸುವುದು ವಾಡಿಕೆ. ಹುಡುಗ ಹೇಗೆ, ಕುಡಿಯುತ್ತಾನಾ, ಅಣ್ಣತಮ್ಮಂದಿರಲ್ಲಿ ಜಗಳ ಉಂಟಾ, ಎಲ್ಲ ತಿಳಿದುಕೊಂಡು ಬರಬೇಕು. ಈ ವಿದ್ಯೆಯಲ್ಲಿ ನಮ್ಮ ಮಾವನನ್ನು ಮೀರಿಸಿದವರಿಲ್ಲ. ಹುಡುಗನ ಮನೆಯ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಬಸ್ಸಿಳಿಯುವರು. ಹೋಟೆಲಿನಲ್ಲಿ ಚಹಾ ಹೇಳಿ, ಹುಡುಗನ ಮನೆಯನ್ನು ಬಿಟ್ಟು ಅವನ ಪಕ್ಕದ ಮನೆಯವರನ್ನು ವಿಚಾರಿಸುವರು. ಆಮೇಲೆ ಸೆಲೂನಿಗೆ ಹೋಗಿ ಗಡ್ಡ ತೆಗೆಸಲು ಕೂರುವರು. ಊರಿನ ಸತ್ಯವೆಲ್ಲ ಇರುವುದು ಸೆಲೂನಿನಲ್ಲಿ ಎಂಬುದು ಅವರ ಸಿದ್ಧಾಂತ. ಒಂದೇ ದಿನ ಎರಡು ಸಂಬಂಧ ವಿಚಾರಿಸಬೇಕಾಗಿ ಬಂದಾಗ ಎರಡೆರಡು ಸಲ ಗಡ್ಡ ತೆಗೆಸಿಕೊಂಡು, ಕೆನ್ನೆ ಕೆಂಪು ಮಾಡಿಕೊಂಡು ಬಂದದ್ದೂ ಇದೆ. ಅವರು ಬಂದು "ಆಗಬಹುದು" ಎಂದರೆ ಮುಗಿಯಿತು, ಮದುವೆಯ ಹಾಲ್ ಬುಕ್ ಮಾಡಬಹುದು. ಸುಮ್ಮನೆ ನೀರು ಕೇಳಿ ಕುಡಿದರೆ ಆ ಸಂಬಂಧದ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಕಾಲ ಕೆಟ್ಟಿತು ನೋಡಿ! ಕುಟುಂಬದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಗಂಡುಗಳನ್ನು ತಾವೇ ಹುಡುಕಿಕೊಂಡರು. ನನ್ನ ಚಿಕ್ಕಮ್ಮನ ಮಗಳಂತೂ, "ಮಾವ, ನಾವು ಕಾಲೇಜಿನಿಂದ ಒಟ್ಟಿಗೆ ಇದ್ದವರು. ನೀವು ಊಟಕ್ಕೆ ಬಂದರೆ ಸಾಕು" ಎಂದುಬಿಟ್ಟಳು. ಮಾವ ಹೋದರು, ಉಂಡರು, ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿದ್ದು ಇಷ್ಟೇ: "ಪಾಯಸ ಒಳ್ಳೆದಿತ್ತು. ಹುಡುಗನ ವಿಷಯ ನನಗೆ ಗೊತ್ತಿಲ್ಲ."

ಅಲ್ಲಿಂದ ಮನುಷ್ಯ ಮಂಕಾಗಿಬಿಟ್ಟರು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುವರು, ಹೋಗಲಿಕ್ಕೆ ಜಾಗವಿಲ್ಲ. "ಗ್ಯಾಸ್ ತರುವವನ ಹತ್ತಿರ ಅವನ ಅಜ್ಜನ ಹೆಸರು ಕೇಳ್ತಾರೆ ಮಾರಾಯ್ತಿ, ಅವ ಸಿಲಿಂಡರ್ ಹೊತ್ತುಕೊಂಡೇ ಉತ್ತರ ಕೊಡಬೇಕು" ಎಂದು ಅತ್ತೆ ನನ್ನಲ್ಲಿ ಗೋಳು ಹೇಳಿಕೊಂಡರು. ನಾವೆಲ್ಲ ನಕ್ಕೆವು. ಆದರೆ ನನಗೆ ಒಳಗೆ ಸಂಕಟವಾಗುತ್ತಿತ್ತು. "ನೀವು ಹೋಗಿ ನೋಡಿ ಬನ್ನಿ, ನೀವು ಹೇಳಿದರೆ ಸರಿ" ಎಂಬ ಒಂದು ಮಾತಿನ ಮೇಲೆ ಬದುಕಿದವರು ಅವರು. ಆ ಮಾತು ಹೇಳುವವರು ಮನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಹೀಗಿರುವಾಗ ನನ್ನ ಕನ್ನಡಕ ಮುರಿಯಿತು. ನಾನು ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು, ಪರ್ಕಳದಲ್ಲಿ ಬಾಡಿಗೆ ರೂಮು. ಬಸ್ಸಿನಲ್ಲಿ ಮುಖ ಒರೆಸಿಕೊಳ್ಳಲು ಕನ್ನಡಕ ತೆಗೆದು ಸೀಟಿನ ಮೇಲಿಟ್ಟೆ. ಅಜ್ಜಿಯೊಬ್ಬರಿಗೆ ದಾರಿ ಬಿಡಲು ಎದ್ದೆ. ಮತ್ತೆ ಕೂತೆ. ಯಾರ ಮೇಲೆ ಸಿಟ್ಟು ಮಾಡುವುದು? ಕನ್ನಡಕದ ಅಂಗಡಿಗೆ ಹೋದರೆ ಗೀರು ಬೀಳದ ಲೇಪ, ನೀರು ನಿಲ್ಲದ ಲೇಪ, ಕಂಪ್ಯೂಟರಿನ ಬೆಳಕು ತಡೆಯುವ ಲೇಪ ಎಂದು ಮದುಮಗಳಿಗೆ ಅರಿಸಿನ ಹಚ್ಚುವ ಹಾಗೆ ಹಚ್ಚುತ್ತಾ ಹೋದರು. ಒಟ್ಟು ಬೆಲೆ ಕೇಳಿದಾಗ ನನಗೆ ಕನ್ನಡಕವಿಲ್ಲದೆಯೇ ಹಗಲು ನಕ್ಷತ್ರ ಕಾಣಿಸಿತು.

ಭಾನುವಾರ ಕಾಪುವಿಗೆ ಬಂದವಳು ಮಾವನ ಜಗಲಿಯಲ್ಲಿ ಕೂತು ಫೋನಿನಲ್ಲಿ ಆನ್‌ಲೈನ್ ಅಂಗಡಿಗಳನ್ನು ನೋಡುತ್ತಿದ್ದೆ. ಮಾವ ಇಣುಕಿದರು.

"ಎಂತ ಅದು?"

"ಕನ್ನಡಕ ಮಾವ. ಇಲ್ಲಿ ಅರ್ಧ ಬೆಲೆ."

"ಯಾರದು ಅಂಗಡಿ?"

"ಯಾರದೋ. ಗೊತ್ತಿಲ್ಲ."

"ಊರು?"

"ಆನ್‌ಲೈನ್ ಮಾವ, ಊರು ಎಲ್ಲಿಂದ ಬರಬೇಕು?"

ಮಾವ ಎದ್ದು ನಿಂತರು. ಎಷ್ಟೋ ತಿಂಗಳಿನಿಂದ ನಂದಿಹೋಗಿದ್ದ ಮುಖದಲ್ಲಿ ಬೆಳಕು ಬಂತು. "ಊರು ಗೊತ್ತಿಲ್ಲದವನಿಗೆ ನಿನ್ನ ಕಣ್ಣು ಕೊಡ್ತೀಯಾ? ತಾ ಇಲ್ಲಿ ಫೋನು!"

ಫೋನು ಕೊಟ್ಟೆ. ಕೊಟ್ಟದ್ದಷ್ಟೇ ಗೊತ್ತು, ನನ್ನ ಕನ್ನಡಕದ ವಿಷಯದಲ್ಲಿ ನನಗೆ ಮತ್ತೆ ಬಾಯಿ ಇರಲಿಲ್ಲ.

ಮಾವನ ವಿಚಾರಣೆ ಹೇಗಿತ್ತು ಗೊತ್ತಾ? ಒಂದು ಅಂಗಡಿ ಐದು ನಕ್ಷತ್ರದ ಹೊಗಳಿಕೆಗಳನ್ನು ಸಾಲಾಗಿ ನೇತುಹಾಕಿತ್ತು. "ಇವರೆಲ್ಲ ಹುಡುಗನ ಚಿಕ್ಕಪ್ಪ ದೊಡ್ಡಪ್ಪಂದಿರು" ಎಂದು ಮಾವ ಅದನ್ನು ಓದದೆಯೇ ದಾಟಿದರು. ಒಂದೇ ನಕ್ಷತ್ರ ಕೊಟ್ಟವರನ್ನೂ ನಂಬಲಿಲ್ಲ: "ಇವ ಜಾಗದ ತಕರಾರಿನ ದಾಯಾದಿ, ಹೇಗೂ ಬೈತಾನೆ." ಮೂರು ನಕ್ಷತ್ರದವರನ್ನು ಮಾತ್ರ ತಮ್ಮ ಓದುವ ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು ಓದಿದರು. ಅವರು ನೆರೆಕರೆಯವರು, ಇದ್ದದ್ದು ಇದ್ದ ಹಾಗೆ ಹೇಳುವವರು! ಇನ್ನೊಂದು ಅಂಗಡಿಯಲ್ಲಿ ಗಡಿಯಾರ ಓಡುತ್ತಿತ್ತು. ಇನ್ನರ್ಧ ಗಂಟೆಯಲ್ಲಿ ಕೊಳ್ಳದಿದ್ದರೆ ರಿಯಾಯಿತಿ ಇಲ್ಲವಂತೆ. "ಇಷ್ಟು ಗಡಿಬಿಡಿಯಲ್ಲಿ ಮುಹೂರ್ತ ಇಡುವವರ ಮನೆಯಲ್ಲಿ ಏನೋ ಉಂಟು" ಎಂದು ಮಾವ ಅದನ್ನು ಮುಚ್ಚಿದರು. ಮತ್ತೊಂದು ಪೂರ್ತಿ ಹಣ ಮೊದಲೇ ಕೇಳಿತು. "ಹುಡುಗನ ಮುಖ ನೋಡುವ ಮೊದಲೇ ವರದಕ್ಷಿಣೆಯಾ?" ಅದೂ ಹೋಯಿತು.

"ಇದು ಸೇಫ್ ಮಾವ, ನೋಡಿ, ಮೇಲೆ ಬೀಗದ ಚಿತ್ರ ಉಂಟು" ಎಂದು ನಾನು ಒಂದನ್ನು ತೋರಿಸಿದೆ.

"ಬೀಗ ಇದ್ದರೆ ಆಯಿತಾ? ಕಳ್ಳನೇ ಒಳಗಿಂದ ಹಾಕಿಕೊಂಡಿದ್ದರೆ?"

ಇದಕ್ಕೆ ಉತ್ತರ ನಿಮ್ಮಲ್ಲಿ ಇದೆಯಾ?

ಕೊನೆಗೆ ಒಂದು ಸಣ್ಣ ಅಂಗಡಿ ಉಳಿಯಿತು. ಅದರ ವಿಳಾಸ ನನ್ನ ಪರ್ಕಳದ್ದೇ! ನಾನು ಸಂತೋಷದಿಂದ ಆರ್ಡರ್ ಮಾಡಲು ಹೊರಟರೆ ಮಾವ ಕೈ ಹಿಡಿದರು. "ವಿಳಾಸ ಯಾರೂ ಬರೆಯಬಹುದು. ಹೋಗಿ ನೋಡುವ." ಮರುದಿನ ಬಸ್ಸು ಹತ್ತಿಯೇಬಿಟ್ಟರು. ಒಂದು ಸ್ಟಾಪು ಮೊದಲೇ ಇಳಿದರಂತೆ. ಚಹಾ ಕುಡಿದರಂತೆ. ಗಡ್ಡವನ್ನೂ ತೆಗೆಸಿದರಂತೆ! ಆಮೇಲೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅಂಗಡಿ ಸಿಕ್ಕಿತು. ಅಕ್ಕತಂಗಿಯರಿಬ್ಬರು ಕೂತು ಕನ್ನಡಕಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಅಂಗಡಿಗೆ ಖುದ್ದಾಗಿ ಬಂದ ಮೊದಲ ಗಿರಾಕಿಯಂತೆ ಇವರು. ಪಾಪ, ಕೂರಿಸಿ ಮಜ್ಜಿಗೆ ಕೊಟ್ಟರು. ಸಂಜೆ ನನ್ನ ರೂಮಿಗೆ ಬಂದ ಮಾವನ ಮುಖ ನೋಡಬೇಕಿತ್ತು!

"ಆಗಬಹುದು" ಎಂದರು. "ಅಂಗಡಿ ಒಳ್ಳೆದುಂಟು. ದೊಡ್ಡವಳಿಗೆ ಇನ್ನೂ ಮದುವೆ ಆಗಲಿಲ್ಲ. ಹಿರಿಯಡ್ಕದ ನಮ್ಮ ನೆಂಟರ ಹುಡುಗನಿಗೆ ಕೇಳುವುದಾ?"

ಕನ್ನಡಕ ವಿಚಾರಿಸಲು ಹೋದವರು ಹೆಣ್ಣು ನೋಡಿಕೊಂಡು ಬಂದಿದ್ದರು.

ಇಷ್ಟಾದರೂ ಆರ್ಡರ್ ಆಗಲಿಲ್ಲ. ಕಣ್ಣಿನ ಚೀಟಿ ಹಳೆಯದಾಗಿತ್ತು. ಮಾವ ನನ್ನನ್ನು ಕಣ್ಣಿನ ಡಾಕ್ಟರರ ಹತ್ತಿರ ಎಳೆದುಕೊಂಡು ಹೋಗಿ ಹೊಸದಾಗಿ ಪರೀಕ್ಷೆ ಮಾಡಿಸಿದರು. "ಚೀಟಿ ಕೈಯಲ್ಲೇ ಕೊಡಿ ಡಾಕ್ಟ್ರೇ, ಎಲ್ಲಿ ಮಾಡಿಸುವುದು ಅಂತ ನಾವು ನೋಡ್ತೇವೆ" ಎಂದರು. ಯಾವ ಲೇಪ ಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಕೇಳಿದರು. ನೀರು ನಿಲ್ಲದ ಲೇಪದ ಸರದಿ ಬಂದಾಗ ಡಾಕ್ಟರರು ಉತ್ತರಿಸುವ ಮೊದಲೇ ತಾವೇ ಹೇಳಿದರು: "ಅದು ಬೇಡ ಬಿಡಿ. ನಮ್ಮ ಊರಿನ ಮಳೆಗೆ ಮನುಷ್ಯ ನಿಲ್ಲುವುದೇ ಕಷ್ಟ!" ಎರಡು ಕಣ್ಣಿನ ಗೊಂಬೆಗಳ ನಡುವಿನ ಅಂತರವೂ ಬೇಕಾಗಿತ್ತು. ಅದನ್ನು ಮಾವ ಮನೆಯಲ್ಲೇ ಹೊಲಿಗೆಯ ನೂಲು ಹಿಡಿದು ಅಳೆದಿದ್ದರು. ಡಾಕ್ಟರರು ಯಂತ್ರದಲ್ಲಿ ಅಳೆದು ನೋಡಿ, ಮಾವನ ಅಳತೆಯ ಕನ್ನಡಕ ಕೋಣಕ್ಕೆ ಸರಿಯಾದೀತು ಎಂದು ನಕ್ಕರು. ಮಾವನಿಗೇನೂ ಬೇಸರವಾಗಲಿಲ್ಲ. ಅವರು ಆಗಲೇ ನನ್ನ ಮುರಿದ ಕನ್ನಡಕದ ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಬದಿಯಲ್ಲಿ ಅಚ್ಚಾಗಿದ್ದ ಸಣ್ಣ ಸಣ್ಣ ಅಂಕಿಗಳನ್ನು ಕಂಡುಹಿಡಿದಿದ್ದರು. ಅದು ಫ್ರೇಮಿನ ಅಳತೆಯಂತೆ. "ನೋಡು, ಜಾತಕ ಒಳಗೇ ಬರೆದುಂಟು!" ಎಂದು ಇಡೀ ಕ್ಲಿನಿಕ್ಕಿಗೆ ತೋರಿಸಿದರು.

ಅಂತೂ ಪಾರ್ಸೆಲ್ ಬಂತು. ಮನೆಗೆ ಬಂದ ಮೇಲೆ ದುಡ್ಡು ಕೊಡುವ ಕ್ರಮದಲ್ಲೇ ತರಿಸಿದ್ದು. ಡಬ್ಬಿ ಒಡೆಯುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಬೇಕು, ಒಳಗೆ ಕಲ್ಲು ಇದ್ದರೆ ಸಾಕ್ಷಿ ಬೇಕು ಎಂದು ಮಾವ ಅತ್ತೆಯ ಕೈಗೆ ಫೋನು ಕೊಟ್ಟರು. ತಾವು ಕತ್ತರಿ ಹಿಡಿದು, "ಈಗ ಟೇಪು ಕತ್ತರಿಸುತ್ತಿದ್ದೇನೆ, ಮೊಹರು ಸರಿ ಇದೆ" ಎಂದು ಕೋರ್ಟಿನಲ್ಲಿ ನಿಂತವರಂತೆ ಗಟ್ಟಿಯಾಗಿ ವಿವರಿಸಿದರು. ಆಮೇಲೆ ನೋಡಿದರೆ ವಿಡಿಯೋದಲ್ಲಿ ಇದ್ದದ್ದು ಮೊದಲಿನಿಂದ ಕೊನೆಯವರೆಗೆ ಅತ್ತೆಯ ಸ್ವಂತ ಮುಖ!

ಪುಣ್ಯಕ್ಕೆ ಕನ್ನಡಕ ಅಪ್ಪಟವಾಗಿತ್ತು. ನಾನು ಮೊದಲು ಹೋಗಿದ್ದ ಅಂಗಡಿಯವರು ಹೇಳಿದ್ದರ ಅರ್ಧಕ್ಕೂ ಕಡಿಮೆ ಬೆಲೆ. ಹಾಕಿಕೊಂಡು ಅಂಗಳಕ್ಕಿಳಿದರೆ ತೆಂಗಿನ ಮರದ ಒಂದೊಂದು ಗರಿಯೂ ಬೇರೆ ಬೇರೆಯಾಗಿ ಕಾಣಿಸಿತು. ಸುದ್ದಿ ಹಬ್ಬಿತು. ಕುಟುಂಬದಲ್ಲಿ ಯಾರಿಗೆ ಮಿಕ್ಸಿ ಬೇಕಾದರೂ, ಚಪ್ಪಲಿ ಬೇಕಾದರೂ ಮಾವನಿಗೆ ಫೋನು: "ಮಾವ, ಈ ಅಂಗಡಿ ಆಗಬಹುದಾ?" ಮಾವ ಜಗಲಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, ಬೇಕೆಂದೇ ಸ್ವಲ್ಪ ಹೊತ್ತು ಬಿಟ್ಟು, "ಎರಡು ದಿನ ಕೊಡು, ವಿಚಾರಿಸ್ತೇನೆ" ಎನ್ನುವರು. ನಿಜ ಹೇಳುತ್ತೇನೆ, ಅವರನ್ನು ಹಾಗೆ ನೋಡುವುದೇ ನನಗೊಂದು ಖುಷಿಯಾಗಿತ್ತು.

ಇಂಥ ಮಾವ ಮೋಸ ಹೋದರು ಎಂದರೆ ನಂಬುತ್ತೀರಾ?

ಅತ್ತೆಗೆ ಕನ್ನಡಕ ಬೇಕಾಗಿತ್ತು. ದೂರಕ್ಕೊಂದು, ಹತ್ತಿರಕ್ಕೊಂದು. ಫೋನಿನಲ್ಲಿ ಯಾವುದೋ ಜಾಹೀರಾತು, ಒಂದು ತೆಗೆದುಕೊಂಡರೆ ಇನ್ನೊಂದು ಉಚಿತ. ಮಾವ ಬೈಯಲಿಕ್ಕೆಂದೇ ಅದರಲ್ಲಿದ್ದ ನಂಬರಿಗೆ ಫೋನು ಮಾಡಿದರು. ಆ ಕಡೆಯವನು ಹಿಂದಿಯಲ್ಲಿ ಶುರುಮಾಡಿದ, ಕನ್ನಡಕ್ಕೆ ಬಂದ, ಮಾವನ ಕನ್ನಡದ ಧಾಟಿ ಕೇಳಿದ್ದೇ ತಡ, ತುಳುವಿಗೆ ಇಳಿದ! ಮುಗಿಯಿತು ಕಥೆ. ನಾವು ಮನೆಯಲ್ಲಿ ಆಡುವುದು ತುಳು. ದೂರದ ಊರಿನ ಫೋನಿನಲ್ಲಿ ಅದು ಕೇಳಿಸಿದರೆ ನಮ್ಮವರು ಅಲ್ಲೇ ಬೆಣ್ಣೆ. ಮಾವ ಕೇಳಿದರು, ಊರು ಯಾವುದು? ಹೆಜಮಾಡಿ, ನಮ್ಮ ಕಾಪುವಿನ ಹತ್ತಿರವೇ. ಬರಿ ಯಾವುದು? ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಸಂಬಂಧ ವಿಚಾರಿಸುವಾಗ ಮೊದಲು ಕೇಳುವ ಪ್ರಶ್ನೆಯೇ ಅದು. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಕೂಡದು. ಅವನು ಜಾಣ. "ನಿಮ್ಮದು ಯಾವುದು ಅಣ್ಣಾ?" ಎಂದು ಕೇಳಿದ. ಮಾವ ಹೇಳಿದರು. "ಅಯ್ಯೋ, ನಮ್ಮದೂ ಅದೇ ಅಲ್ವಾ!" ಎಂದುಬಿಟ್ಟ.

ಒಡಹುಟ್ಟಿದವನ ಹತ್ತಿರ ಬೀಗದ ಚಿತ್ರ ಕೇಳುವುದುಂಟೇ? ಮೂರು ನಕ್ಷತ್ರ ಹುಡುಕುವುದುಂಟೇ? ಪೂರ್ತಿ ಹಣ ಮೊದಲೇ ಹೋಯಿತು.

ಪಾರ್ಸೆಲ್ ಬರಲಿಲ್ಲ. ಫೋನೂ ಎತ್ತಲಿಲ್ಲ. ಮಾವ ಯಾರಿಗೂ ಹೇಳದೆ ಹೆಜಮಾಡಿಗೆ ಹೋಗತೊಡಗಿದರು. ಅತ್ತೆ ಗಾಬರಿಯಿಂದ ನನ್ನನ್ನು ಕರೆಸಿಕೊಂಡರು. "ದಿನಾ ಗಡ್ಡ ತೆಗೆಸಿಕೊಂಡು ಬರ್ತಾರೆ. ಊಟ ಮಾಡುವುದಿಲ್ಲ" ಎಂದರು. ಮಾವನ ಪಕ್ಕ ಜಗಲಿಯಲ್ಲಿ ಕೂತೆ. ನಡೆದದ್ದೆಲ್ಲ ಹೇಳಿಕೊಂಡರು.

"ಇಡೀ ಊರು ವಿಚಾರಿಸಿದೆ ಮಗಾ. ಆ ಹೆಸರಿನ ಮನೆಯೇ ಇಲ್ಲ."

"ಹೋಗಲಿ ಮಾವ, ದುಡ್ಡು ತಾನೇ."

"ದುಡ್ಡಲ್ಲ ಮಾರಾಯ್ತಿ" ಎಂದು ನನ್ನ ಮುಖ ನೋಡಿದರು. "ತುಳುವಿನಲ್ಲಿ ಮಾತಾಡಿದ. ತುಳುವಿನಲ್ಲಿಯೂ ಸುಳ್ಳು ಹೇಳ್ತಾರಾ?"

ಬೇರೆ ದಿನವಾಗಿದ್ದರೆ, ತುಳುವಿನಲ್ಲಿ ಸುಳ್ಳು ಹೇಳದವರು ಯಾರಿದ್ದಾರೆ ಎಂದು ನಾನು ನಗಿಸುತ್ತಿದ್ದೆ. ಅವತ್ತು ಸೈಬರ್ ಪೊಲೀಸರ ಸಹಾಯವಾಣಿಗೆ ದೂರು ಕೊಟ್ಟೆವು, ಬ್ಯಾಂಕಿಗೂ ತಿಳಿಸಿದೆವು. ತಕ್ಷಣ ಹೇಳಿದ್ದರೆ ಏನಾದರೂ ಮಾಡಬಹುದಿತ್ತು, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರು. ಯಾಕೆ ಸುಮ್ಮನಿದ್ದರು ಎಂದು ಅವರಿಗೆ ಹೇಗೆ ವಿವರಿಸುವುದು? ಇಡೀ ಕುಟುಂಬಕ್ಕೆ ಗಂಡು ವಿಚಾರಿಸಿದವರು, ತಾವು ವಿಚಾರಿಸುವುದರಲ್ಲಿ ಸೋತೆ ಎಂದು ಯಾರ ಹತ್ತಿರ ಹೇಳಿಯಾರು?

ಮಾವ ತಮ್ಮ ಫೋನನ್ನು ಅತ್ತೆಗೆ ಕೊಟ್ಟುಬಿಟ್ಟರು. "ಇನ್ನು ನನ್ನ ಹತ್ತಿರ ಏನೂ ಕೇಳಬೇಡಿ" ಎಂದರು. ಅತ್ತೆಯನ್ನು ಉಡುಪಿಗೆ ಕರೆದುಕೊಂಡು ಹೋಗಿ ನಾನೇ ಅಂಗಡಿಯಲ್ಲಿ ಕನ್ನಡಕ ಮಾಡಿಸಿದೆ. ಮಾವ ಬೆಲೆಯನ್ನೂ ಕೇಳಲಿಲ್ಲ. ಅವರು ಬೆಲೆ ಕೇಳಲಿಲ್ಲವಲ್ಲ ಎಂದು ರೂಮಿಗೆ ಮರಳುವ ಬಸ್ಸಿನಲ್ಲಿ ನನಗೆ ಅಳು ಬಂದುಬಿಟ್ಟಿತು.

ಈಗ ನನ್ನದೊಂದು ಗುಟ್ಟು ಹೇಳಬೇಕು. ಕಾರ್ಕಳದ ಹುಡುಗನೊಬ್ಬ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಕೆಲವು ಸಮಯದಿಂದ ನನಗೆ ಪರಿಚಯ. ಮದುವೆಯಾಗುವುದೆಂದು ನಾವಿಬ್ಬರೂ ತೀರ್ಮಾನಿಸಿ ಆಗಿತ್ತು. ಅವನ ಮನೆಯಲ್ಲಿ ಒಪ್ಪಿದ್ದರು, ಅಮ್ಮನಿಗೂ ನಾನು ಹೇಳಿಯಾಗಿತ್ತು. ಮಾವನಿಗೆ ಹೇಗೆ ಹೇಳುವುದೆಂದು ಮಾತ್ರ ತಿಳಿದಿರಲಿಲ್ಲ. "ಊಟಕ್ಕೆ ಬಂದರೆ ಸಾಕು" ಎಂದು ನಾನೂ ಹೇಳುವುದೇ?

ಒಂದು ಭಾನುವಾರ ಹೋಗಿ ಹೇಳಿದೆ, "ಮಾವ, ಒಂದು ವಿಚಾರಿಸುವುದುಂಟು."

"ಆನ್‌ಲೈನಾ? ನನಗಾಗುವುದಿಲ್ಲ."

"ಆನ್‌ಲೈನ್ ಅಲ್ಲ. ಕಾರ್ಕಳ. ಹುಡುಗ."

ಮಾವ ತಿರುಗಿ ಕೂತರು. "ಯಾರಿಗೆ?"

"ನನಗೆ. ಒಂದು ಸಂಬಂಧ ಬಂದಿದೆ. ನೀವು ನೋಡಿ ಬಂದು ಹೇಳಬೇಕು."

"ನನ್ನ ವಿಚಾರಣೆ ಹೇಗುಂಟು ಅಂತ ನೋಡಿದೆಯಲ್ಲ" ಎಂದರು. ದನಿ ಸಣ್ಣದಾಗಿತ್ತು. "ಬೇರೆ ಯಾರನ್ನಾದರೂ ಕಳಿಸು."

"ಬೇರೆ ಯಾರು ಹೇಳಿದರೂ ನನಗೆ ಬೇಡ. ನೀವು ಹೋಗಿ ನೋಡಿ ಬನ್ನಿ, ನೀವು ಹೇಳಿದರೆ ಸರಿ."

ಮರುದಿನ ಬೆಳಿಗ್ಗೆ ಅತ್ತೆ ಫೋನು ಮಾಡಿ, "ಮೊದಲ ಬಸ್ಸಿಗೇ ಹೋದ್ರು ಮಾರಾಯ್ತಿ, ಇಸ್ತ್ರಿ ಅಂಗಿ ಹಾಕಿಕೊಂಡು" ಎಂದರು. ಇಡೀ ದಿನ ನನಗೆ ಆಫೀಸಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಾವನಿಗೆ ಕೆಲಸ ಕೊಡಬೇಕೆಂದು ಕಳಿಸಿದ್ದೇನೋ ನಿಜ, ಆದರೆ ಅವರು ಬಂದು ನೀರು ಕೇಳಿ ಕುಡಿದರೆ?

ಸಂಜೆ ಪರ್ಕಳದ ನನ್ನ ರೂಮಿಗೆ ಬಂದರು. ನುಣ್ಣಗೆ ಗಡ್ಡ ತೆಗೆಸಿದ್ದರು. ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು. ನೀರು ಕೇಳಲಿಲ್ಲ.

"ಬರಿ ಬೇರೆ, ಅದು ಸರಿ ಉಂಟು. ಕುಡಿಯುವುದಿಲ್ಲ. ಮಕ್ಕಳಿಗೆ ಹೊಡೆಯುವುದಿಲ್ಲ, ಲೆಕ್ಕ ಬಾರದವರಿಗೆ ಶಾಲೆ ಬಿಟ್ಟ ಮೇಲೆ ಕೂತು ಹೇಳಿಕೊಡ್ತಾನಂತೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಸ್ವಲ್ಪ ಪೆದ್ದ, ಆದರೂ ಅಡ್ಡಿಲ್ಲ." ಮಾವ ಗಂಟಲು ಸರಿಮಾಡಿಕೊಂಡರು. "ಆದರೆ ಒಂದು ತೊಂದರೆ ಉಂಟು ಮಗಾ. ಸೆಲೂನಿನವ ಹೇಳಿದ. ಆ ಹುಡುಗನಿಗೆ ಆಗಲೇ ಒಂದು ಹುಡುಗಿ ನಿಶ್ಚಯ ಆಗಿಹೋಗಿದೆಯಂತೆ. ಮಣಿಪಾಲದಲ್ಲಿ ಕೆಲಸ, ಪರ್ಕಳದಲ್ಲಿ ರೂಮು, ಕನ್ನಡಕ ಹಾಕ್ತಾಳಂತೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಬೇಸರವಾಯಿತಾ, ಸಿಟ್ಟು ಬಂತಾ, ಒಂದೂ ಗೊತ್ತಾಗಲಿಲ್ಲ. "ಮಾವ" ಎಂದೆ.

"ಸೆಲೂನಿನವನೂ ನನ್ನನ್ನು ಕೇಳಿದ" ಎಂದರು ಮಾವ. "ನೀವು ಆ ಕಡೆಯವರು ಅಲ್ವಾ, ಆ ಹುಡುಗಿ ಹೇಗೆ, ನಿಮಗೇನಾದರೂ ಗೊತ್ತುಂಟಾ ಅಂತ."

"ನೀವೆಂತ ಹೇಳಿದ್ರಿ?"

ಮಾವ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಅವಳನ್ನು ಹುಟ್ಟಿದಾಗಿನಿಂದ ನೋಡಿದವ ನಾನು, ಕಣ್ಣು ಮುಚ್ಚಿ ಮಾಡಿಕೊಳ್ಳಬಹುದು ಅಂತ ಹೇಳಿ ಬಂದೆ."